ಚಪ್ಪಲಿ ಬಿಡುವ ಜಾಗ

ಎಡಗಾಲಿಗೆ ಚಪ್ಪಲಿ ಹೋಯಿತು, ಬಲಗಾಲಿಗೆ ಹೋಗಲೊಲ್ಲದು. ಜೀವಮಾನವಿಡೀ ಕಂಡವರ ಕಾಲಿಗೆ ಅಳತೆ ಹಿಡಿದು ಹೊಲಿದ ಅಪ್ಪನ ಕಾಲೇ ಈಗ ಸತ್ತು ಸೆಟೆದು ಮೊಂಡು ಹಿಡಿದಿತ್ತು. ಮಗಳು ಪಟ್ಟಿ ಸಡಿಲಿಸಿ ಮತ್ತೊಮ್ಮೆ ತಳ್ಳುತ್ತಿದ್ದಾಗ, ಯಾರೋ ಬಂದಿದ್ದಾರೆ ಎಂದು ಸೋದರತ್ತೆ ಭುಜ ತಟ್ಟಿದಳು. ಮಗಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಹೋದಳು.

ಪ್ರಾರ್ಥನಾ ಮಂದಿರದ ಹಿರಿಯರು ನಿಂತಿದ್ದರು, ಅವರ ಬೆನ್ನಿಗೆ ಬೀದಿ ತುಂಬ ಜನ. ಅವಳಿಗೆ ಮೈ ಉರಿಯಿತು. ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದ ಅಪ್ಪನಿಗೆ ಬೀದಿಯವರು ಮೊಳೆಬಾಯಿ ಎಂದು ಹೆಸರಿಟ್ಟಿದ್ದರು. ಆ ಬಾಯಿ ಹೆಚ್ಚಾಗಿ ಚುಚ್ಚಿದ್ದು ದೇವರನ್ನೇ. ದೇವರಿಗೆ ಕಾಲಿದ್ದರೆ ಅಂಗಡಿಗೆ ಬರಲಿ, ಅಳತೆ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದ. ತಾನು ಸತ್ತರೆ ಒಂದು ಸಾಲು ಪ್ರಾರ್ಥನೆಯೂ ಕೂಡದೆಂದು ಮಗಳಿಂದ ಮಾತು ತೆಗೆದುಕೊಂಡಿದ್ದ.

ಅದನ್ನೇ ಅವಳು ಹಿರಿಯರಿಗೆ ಹೇಳಿದಳು. ಅವರು ತಲೆಯಾಡಿಸಿದರೇ ಹೊರತು ಕದಲಲಿಲ್ಲ.

"ಗೊತ್ತಮ್ಮ. ನಮ್ಗೂ ಅದನ್ನೇ ಹೇಳ್ತಿದ್ದ, ವಾರವಾರ ಬಂದಾಗ."

"ಯಾರು ಬರ್ತಿದ್ದಿದ್ದು?"

"ನಿಮ್ಮಪ್ಪ."

ಕೈಲಿದ್ದ ಚಪ್ಪಲಿ ಜಾರಿ ನೆಲಕ್ಕೆ ಬಿತ್ತು.

*

ಅಮ್ಮ ಸತ್ತ ದಿನವೂ ಇದೇ ಬಾಗಿಲಿಗೆ ಇದೇ ಹಿರಿಯರು ಬಂದಿದ್ದರು. ಕೊನೆಗೊಂದು ಪ್ರಾರ್ಥನೆ ಮಾಡಿಸಿ ಎಂದು ಅಮ್ಮ ಹಾಸಿಗೆಯಲ್ಲಿ ಅಂಗಲಾಚಿದ್ದಳು. ಅಪ್ಪ ಜಗ್ಗಲಿಲ್ಲ. ಅದಕ್ಕೂ ಹಿಂದೆ ಚಿಕ್ಕ ಮಗ ಜ್ವರ ಬಂದು ತೀರಿಕೊಂಡಾಗ, ದೇವರಿಗೆ ಬೇಕಾಗಿದ್ದ, ಕರೆಸಿಕೊಂಡ ಎಂದು ಸಮಾಧಾನ ಹೇಳಿದವರನ್ನು ಅವನು ಕ್ಷಮಿಸಿರಲೇ ಇಲ್ಲ. ಅಮ್ಮ ಸತ್ತ ದಿನ ಬಾಗಿಲಿಗೆ ಅಡ್ಡ ನಿಂತು ಎಲ್ಲರನ್ನೂ ವಾಪಸ್ ಅಟ್ಟಿದ. ಅಮ್ಮನನ್ನು ಸದ್ದಿಲ್ಲದೆ ಮಣ್ಣು ಮಾಡಿದರು.

ಮಗಳು ಬಹಳ ಕಾಲ ಅವನೊಂದಿಗೆ ಮಾತು ಬಿಟ್ಟಿದ್ದಳು. ಕೊನೆಗೆ, ಹಟಮಾರಿಯಾದರೂ ಮನುಷ್ಯ ಸಾಚಾ ಎಂದು ತನಗೆ ತಾನೇ ಹೇಳಿಕೊಂಡು ರಾಜಿಯಾಗಿದ್ದಳು.

*

"ಅಮ್ಮಂಗೆ ಬೇಡ ಅಂದು, ತಾನು ಕದ್ದು ಬರ್ತಿದ್ನಾ?"

ಇಷ್ಟು ವರ್ಷ ತಾನು ಊಟ ಬಡಿಸಿದ್ದು ಯಾರಿಗೆ ಎಂದು ಅವಳಿಗೆ ದಿಗಿಲಾಯಿತು. ಅವನು ಒಳಗೆ ಕಾಲಿಟ್ಟವನೇ ಅಲ್ಲ ಎಂದರು ಹಿರಿಯರು. ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂರುತ್ತಿದ್ದನಂತೆ. ಒಳಗೆ ಜನ ಹಾಡುತ್ತಿದ್ದರೆ ಇವನು ಕಿತ್ತುಹೋದ ಚಪ್ಪಲಿಗಳನ್ನು ಆರಿಸಿ ಹೊಲಿಯುತ್ತಿದ್ದನಂತೆ. ಯಾಕೆಂದು ಕೇಳಿದರೆ, ನಿಮ್ಮ ದೇವರ ಕಣ್ಣಿಗೆ ಇದು ಬೀಳೋದಿಲ್ಲವಲ್ಲ ಎನ್ನುತ್ತಿದ್ದನಂತೆ.

"ಕೊನೇಲಿ ತೀರಿಹೋದವರ ಹೆಸರು ಹೇಳ್ತೀವಲ್ಲಮ್ಮ. ಅದ್ರಲ್ಲಿ ನಿಮ್ಮಮ್ಮನ ಹೆಸರೂ ಸೇರ್ಸಿ ಅಂತ ಕೇಳ್ಕೊಂಡೋನೇ ಅವನು. ಆ ಹೆಸರು ಕಿವಿಗೆ ಬೀಳೋವರ್ಗೂ ಕೂತಿರ್ತಿದ್ದ. ಬಿತ್ತೋ, ಎದ್ದು ಹೊರಟ. ಇನ್ನೊಂದು ಹೆಸರಿಗೆ ನಿಂತೋನಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

ಉತ್ತರ ಬಂದದ್ದು ಹಿಂದೆ ನಿಂತಿದ್ದ ಸೋದರತ್ತೆಯಿಂದ. "ಯಾವ ಮುಖ ಇಟ್ಕೊಂಡು ಹೇಳ್ತಾನೆ?"

ಇವತ್ತು ಅಮ್ಮನ ಹೆಸರಿನ ಹಿಂದೆಯೇ ಅವನ ಹೆಸರನ್ನೂ ಹೇಳುತ್ತೇವೆ, ದಾರಿಯಲ್ಲಿ ಮಂದಿರಕ್ಕೆ ತನ್ನಿ ಎಂದು ಹಿರಿಯರು ಕೇಳಿಕೊಂಡರು. ಮಗಳಿಗೆ ಅಳು ಬರಲಿಲ್ಲ. ಸಿಟ್ಟೂ ಉಳಿಯಲಿಲ್ಲ. ಕೊಟ್ಟ ಮಾತು ಒಂದು ಕಡೆ ಎಳೆಯುತ್ತಿತ್ತು, ಅಮ್ಮ ಇನ್ನೊಂದು ಕಡೆ. ಬಿದ್ದ ಚಪ್ಪಲಿಯನ್ನು ಎತ್ತಿಕೊಂಡಳು.

"ತರ್ತೀವಿ. ಆದ್ರೆ ಅಪ್ಪ ಹೊರಗೇ ಇರ್ತಾನೆ."

*

ಹೊತ್ತವರು ಅಪ್ಪನನ್ನು ಮಂದಿರದ ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ ಇಳಿಸಿ ಪಕ್ಕಕ್ಕೆ ನಿಂತರು. ಮಿಕ್ಕವರು ಒಳಗೆ ಹೋದರು. ಮಗಳು ಅವನ ಬಳಿ ನೆಲದ ಮೇಲೆ ಕೂತಳು. ಕೈಯಲ್ಲಿದ್ದ ಬಲಗಾಲಿನ ಚಪ್ಪಲಿಯನ್ನು ಕೆಳಗಿಟ್ಟಾಗ ಸುತ್ತಲಿನವು ಕಣ್ಣಿಗೆ ಬಿದ್ದವು. ಯಾವ ಜೋಡಿ ನೋಡಿದರೂ ಎಲ್ಲಾದರೊಂದು ಕಡೆ ಅಪ್ಪನ ದಪ್ಪ ದಾರದ ಓರೆ ಹೊಲಿಗೆ ಇತ್ತು.

ಹಾಡು ಮುಗಿದು ಹೆಸರುಗಳು ಶುರುವಾದವು. ಅವಳು ಕಿವಿಗೊಟ್ಟು ಕೂತಳು. ಯಾರ್ಯಾರದೋ ಹೆಸರು ಬಂತು, ಹೋಯಿತು. ಆಮೇಲೆ ಅಮ್ಮನದು ಬಂತು.

ಹಿರಿಯರು ಮುಂದಿನ ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ಮಗಳು ಎದ್ದು ನಿಂತಿದ್ದಳು.

"ಎತ್ತಿ," ಎಂದಳು ಹೊರುವವರಿಗೆ.

ಒಳಗಿನವರು ಹೊರಬರುವ ಹೊತ್ತಿಗೆ ಅಪ್ಪ ಬೀದಿಯ ತಿರುವು ದಾಟಿದ್ದ. ಜನ ತಂತಮ್ಮ ಚಪ್ಪಲಿ ಮೆಟ್ಟಿಕೊಂಡು ಅವಸರದಿಂದ ಹಿಂದೆ ಹೊರಟರು. ಬಾಗಿಲ ಬಳಿ ಬಲಗಾಲಿನದೊಂದು ಉಳಿದಿತ್ತು.