ಅಂಗೈ ಮೇಲಿನ ವೃತ್ತ

ಸಿಮ್ರಾನಳಿಗೆ ವೃತ್ತ ಒಂದೇ ಬರುತ್ತಿರಲಿಲ್ಲ.

ಪಾಟಿ ಆಯತ, ಕೇರಂ ಬೋರ್ಡು ಚೌಕ, ಸಮೋಸ ತ್ರಿಕೋನ ಎಂದು ಬ್ಯಾಡಗಿಯ ಆ ಶಾಲೆಯ ಒಂದನೆಯ ತರಗತಿಯ ಮಕ್ಕಳೆಲ್ಲ ಕೂಗಿ ಹೇಳುತ್ತಿದ್ದರು. ಸಿಮ್ರಾನಳೂ ಹೇಳುತ್ತಿದ್ದಳು. ಆದರೆ ಶಾರದವ್ವ ಟೀಚರು ಊಟದ ತಾಟು ಎತ್ತಿ ಹಿಡಿದು, "ಇದು ಯಾವ ಆಕಾರ?" ಅಂದರೆ ಸಾಕು, ತಲೆ ತಗ್ಗಿಸುತ್ತಿದ್ದಳು.

"ಚೌಕ ರೀ ಅಕ್ಕೋರ."

"ತಾಟಿಗೆ ಮೂಲಿ ಎಲ್ಲಿ ಅದಾವು?" ಪಕ್ಕದ ಮಧು ನಗುತ್ತಿದ್ದ. "ನಿಮ್ಮ ಮನ್ಯಾಗ ಚೌಕ ತಾಟಿನ್ಯಾಗ ಉಣತೀರೇನು?"

ಅವನನ್ನು ಗದರಿಸಿ ಶಾರದವ್ವ ಹುಡುಗಿಯನ್ನು ಹತ್ತಿರ ಕರೆಯುತ್ತಿದ್ದರು. ಪುಟ್ಟ ಅಂಗೈ ಹಿಡಿದು, ಅದರ ಮೇಲೆ ಬೆರಳಿನಿಂದ ನಿಧಾನವಾಗಿ ಒಂದು ಸುತ್ತು. "ನೋಡವ್ವಾ, ಎಲ್ಲೂ ಮುರಿಯಂಗಿಲ್ಲ, ಎಲ್ಲೂ ನಿಲ್ಲಂಗಿಲ್ಲ. ಹೊಂಟಲ್ಲಿಗೇ ಬಂತು. ವೃತ್ತ." ಸಿಮ್ರಾನ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಶಾರದವ್ವ ಐರಣಿಯ ಶಾಲೆಯಿಂದ ವರ್ಗ ಕೇಳಿ ಇಲ್ಲಿಗೆ ಬಂದಿದ್ದರು. ಬಾಡಿಗೆಯ ಕೋಣೆ, ಒಂದು ಒಲೆ, ಒಂದು ಕುರ್ಚಿ. ದಿನವಿಡೀ ಅವರ ಕೈಗೆ ಇನ್ನೊಂದು ಕೈ ತಾಗುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಅದಕ್ಕಾಗಿ ತಾನು ಕಾಯುತ್ತಿದ್ದೇನೆಂದು ಅನ್ನಿಸಿದಾಗ ಅವರಿಗೆ ನಾಚಿಕೆಯಾಗುತ್ತಿತ್ತು.

ಫೆಬ್ರುವರಿ ಕೊನೆಗೆ ಮಕ್ಕಳ ಪ್ರಗತಿ ಬರೆಯಬೇಕಿತ್ತು. ಸಿಮ್ರಾನಳ ಹೆಸರಿನ ಮುಂದೆ 'ಗುರುತಿಸುವುದಿಲ್ಲ' ಎಂದು ಬರೆಯಲು ಮನಸ್ಸಾಗದೆ ಅವಳ ತಾಯಿ ರೋಷನಬಿಯನ್ನು ಕರೆಸಿದರು. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದಿಂದ ಆಕೆ ನೇರವಾಗಿ ಬಂದು ಬಾಗಿಲಾಚೆಯೇ ನಿಂತಳು.

"ಒಳಗ ಬರ್ರಿ."

"ಬ್ಯಾಡ್ರಿ ಅಕ್ಕೋರ, ನಾ ಬಂದ್ರ ನಿಮ್ಮ ಸಾಲಿ ಪೂರಾ ಸೀನಾಕ ಹತ್ತತೈತಿ."

ವಿಷಯ ಕೇಳಿ ಆಕೆಗೆ ಆಶ್ಚರ್ಯ. "ವೃತ್ತ ಬರಂಗಿಲ್ಲ? ನಾ ರೊಟ್ಟಿ ಕೊಂಡು ತಂದ್ರ ಗಂಟು ಬಿಚ್ಚೂಕಿಂತ ಮೊದ್ಲ ವೃತ್ತ ಬಂತು ಅಂತಾಳ್ರಿ. ಬಳಿ, ಸೈಕಲ್ ಗಾಲಿ, ಒಂದೂ ಬಿಡಂಗಿಲ್ಲ."

ಅಷ್ಟರಲ್ಲಿ "ಅಮ್ಮೀ!" ಎನ್ನುತ್ತ ಸಿಮ್ರಾನ ಓಡಿ ಬಂದಳು. ರೋಷನಬಿ ಎರಡೂ ಕೈ ಮೇಲೆತ್ತಿ ಹಿಂದೆ ಸರಿದಳು. "ಮುಟ್ಟಬ್ಯಾಡ, ಖಾರ!" ಹುಡುಗಿ ಅಲ್ಲೇ ನಿಂತಳು. ಅವಳಿಗದು ರೂಢಿಯಾಗಿತ್ತು.

"ಎಷ್ಟು ತೊಳದ್ರೂ ಹೋಗಂಗಿಲ್ರಿ," ಎಂದಳು ರೋಷನಬಿ. "ಸೀಜನ್ ಮುಗಿಯೂತನಾ ಹಿಂಗ. ಇಕಿ ತಲಿ ಹಿಕ್ಕಾಕೂ ಬಾಜೂ ಮನ್ಯಾಕಿನ್ನ ಕೇಳ್ಕೋತೀನಿ."

ಶಾರದವ್ವ ಪ್ರಗತಿ ಪುಸ್ತಕದಲ್ಲಿ 'ಗುರುತಿಸುತ್ತಾಳೆ' ಎಂದು ಬರೆದರು. ಮರುದಿನವೂ ತಾಟು ಎತ್ತಿ ಹಿಡಿದರು.

"ಚೌಕ ರೀ ಅಕ್ಕೋರ."

"ಬಾರವ್ವಾ," ಎಂದು ಕರೆದು ಆ ದಿನ ಅಂಗೈ ಮೇಲೆ ಮೂರು ಸುತ್ತು ಹಾಕಿದರು. ಮುಂದೆ ಒಂದು ತಿಂಗಳವರೆಗೂ ಅದು ಹೀಗೆಯೇ ನಡೆಯಿತು. ಮಧು ಕೂಡ ನಕ್ಕು ನಕ್ಕು ಬೇಸತ್ತು ಸುಮ್ಮನಾದ.

ಮಾರ್ಚ್ ಮುಗಿಯುವ ಹೊತ್ತಿಗೆ ಮಾರುಕಟ್ಟೆಯ ಕೆಂಪು ರಾಶಿಗಳು ಕರಗಿದವು, ಊರಿನ ಘಾಟು ಇಳಿಯಿತು. ಒಂದು ಬೆಳಿಗ್ಗೆ ಸಿಮ್ರಾನ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆಯಲ್ಲಿ ಬಂದಳು.

"ಯಾರು ಹೆಣದ್ರವ್ವಾ?"

"ನಮ್ಮಮ್ಮಿ ರೀ!"

ಶಾರದವ್ವ ತಾಟು ಪೂರ್ತಿ ಎತ್ತುವ ಮೊದಲೇ ಅವಳು ಕೂಗಿದಳು, "ವೃತ್ತ ರೀ ಅಕ್ಕೋರ!"

ಮಕ್ಕಳು ಚಪ್ಪಾಳೆ ತಟ್ಟಿದರು. "ಶಾಣ್ಯಾಕಿ," ಎಂದರು ಶಾರದವ್ವ, ಮನಸ್ಸಿನಿಂದಲೇ. ಆಮೇಲೆ ತಾಟು ಹಿಡಿದುಕೊಂಡೇ ತರಗತಿಯ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಇನ್ನ ಯಾರಿಗರ ಬರಂಗಿಲ್ಲೇನು?"

ಒಂದು ಕೈಯೂ ಏಳಲಿಲ್ಲ. ಎಲ್ಲರಿಗೂ ಬರುತ್ತಿತ್ತು.