ಕಿಟಕಿ ಬದಿಯ ಹಲಗೆ

ಅತ್ತಿಗೆ ಲಿಂದಾಲ್ವಾಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ನಮ್ಮ ಮನೆಯ ಒಲೆ ನನ್ನ ಪಾಲಿಗೆ ಬಂತು. ನಾನು ಒಲೆ ಮುಂದೆ ನಿಂತರೆ ಸಾಕು, ಮೂಲೆಯ ಜೋಲಿಯಲ್ಲಿ ಕೂತೇ ಉರಿದುಬೀಳುತ್ತಿದ್ದಳು.

"ಜುರೆಮಾ, ಅದು ಮೀನೋ ಬೂಟಿನ ಅಟ್ಟೆಯೋ?"

"ಲಕ್ವ ಕೈಗೆ ಹೊಡೆಯೋ ಬದಲು ನಿನ್ನ ಬಾಯಿಗೆ ಹೊಡೀಬೇಕಿತ್ತು ಅತ್ತಿಗೆ," ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನಗು ಮುಗಿಯುವ ಮೊದಲೇ ಅವಳ ಕಣ್ಣು ತುಂಬುತ್ತಿತ್ತು. "ನನ್ನ ಒಲೆ ನಂಗೆ ಬೇಕು ಕಣೇ. ಕೂತು ತಿನ್ನೋ ಬಾಳು ನಂಗೆ ಬೇಡ. ಹಾಗಿರೋದಕ್ಕಿಂತ ಎತ್ತಿ ನದಿಗೆ ಹಾಕಿಬಿಡಿ." ಈ ಮಾತನ್ನು ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ದಿನದಿನಕ್ಕೂ ತಟ್ಟೆಯಲ್ಲಿ ಬಿಡುವ ಊಟ ಹೆಚ್ಚುತ್ತಿತ್ತು.

ನನ್ನಣ್ಣ ಒನೊರಾತೊ ದೋಣಿ ಕಟ್ಟುವವನು, ಮಾತು ಕಡಿಮೆ. ಒಂದು ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಅಡುಗೆಮನೆಗೆ ನುಗ್ಗಿದ.

"ದೋಣಿಗೆ ಬಲಮಗ್ಗುಲು ಹೇಗೋ ಎಡಮಗ್ಗುಲೂ ಹಾಗೇ. ನಿನ್ನ ಅಡುಗೆಮನೇನೂ ಮಗುಚಿ ಹಾಕ್ತೀನಿ. ಬಲಗೈಗೆ ಸಿಗ್ತಿದ್ದದ್ದೆಲ್ಲ ಇನ್ಮೇಲೆ ಎಡಗೈಗೆ."

"ಅಡುಗೆಮನೆ ಮುಳುಗಿದ್ರೆ ಈಜೋಕೆ ಬರಲ್ಲ ನಂಗೆ," ಎಂದಳು ಅತ್ತಿಗೆ. ಆದರೆ ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂದಿತ್ತು.

ವಾರಗಟ್ಟಲೆ ಅಣ್ಣ ಅಂಗಳದಲ್ಲಿ ಕೂತು ಮರ ಕೊಯ್ದ, ಉಜ್ಜಿದ. ಎಲ್ಲವನ್ನೂ ಒಂದು ಶನಿವಾರ ಜೋಡಿಸಿದ. ಒಲೆ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಹುರಿದ ಮರಗೆಣಸಿನ ಹಿಟ್ಟಿನ ಡಬ್ಬ, ಉಪ್ಪು, ಸೌಟು ಎಲ್ಲ ಎಡಕ್ಕೆ ಬಂದವು. ಒಂದೇ ಕೈಯಲ್ಲಿ ಕೊಯ್ಯಲು ಮೀನು ಜಾರದಂತೆ ಮಣೆಗೆ ಎರಡು ಮೊಳೆ ಹೊಡೆದಿದ್ದ. ಅತ್ತಿಗೆ ಎಡಗೈ ಚಾಚಿ ಒಂದೊಂದನ್ನೇ ಮುಟ್ಟಿ ನೋಡಿದಳು. ಎಲ್ಲವೂ ಕೈಗೆ ಸಿಕ್ಕಿತು.

ಕಿಟಕಿ ಬದಿಯ ಹಲಗೆಯನ್ನು ಮಾತ್ರ ಅಣ್ಣ ಮುಟ್ಟಿರಲಿಲ್ಲ. ಮರಗೆಣಸಿನ ರಸದ ಬಾಟಲಿಗಳು ಇರುತ್ತಿದ್ದದ್ದು ಅಲ್ಲಿ. ಆಗಷ್ಟೇ ಹಿಂಡಿದ ಹಸಿ ರಸ ಕಹಿ, ವಿಷ ಕೂಡ. ಅದನ್ನು ಬಹಳ ಹೊತ್ತು ಕುದಿಸಿ ಇಳಿಸಿದರೆ ತುಕುಪಿ, ಮೀನಿನ ಮೇಲೆ ಸುರಿದುಕೊಂಡು ತಿನ್ನುತ್ತೇವೆ. ಎರಡಕ್ಕೂ ಅದೇ ಹಳದಿ ಬಣ್ಣ, ಎರಡೂ ಹಳೇ ಸಾರಾಯಿ ಬಾಟಲಿಯಲ್ಲಿ. ಹಸಿಯದು ಎಡಕ್ಕೆ, ಕುದಿಸಿದ್ದು ಬಲಕ್ಕೆ. ನಮ್ಮಜ್ಜಿಯ ಕಾಲದಿಂದ ಇದ್ದ ಗುರುತು ಅಷ್ಟೇ. ನಮ್ಮ ಮನೆಯಲ್ಲಿ ಗಂಡಸರು ಆ ಬಾಟಲಿಗಳಿಗೆ ಕೈ ಹಾಕುವಂತಿರಲಿಲ್ಲ. ಅಣ್ಣ ಆ ಕಟ್ಟಳೆ ಮೀರಲಿಲ್ಲ. ಬಿಟ್ಟಿದ್ದೇನೆ ಎಂದು ಹೇಳಬೇಕೆಂದೂ ಅವನಿಗೆ ತೋಚಲಿಲ್ಲ.

ಅವತ್ತು ಸಂಜೆ ಅತ್ತಿಗೆ ಯಾರನ್ನೂ ಹತ್ತಿರ ಸೇರಿಸದೆ ಮೀನು ಹುರಿದು, ಮೇಲೆ ಬಾಟಲಿಯ ರಸ ಸುರಿದು ಬಡಿಸಿದಳು. ನಾನು ನದಿಯ ಮೆಟ್ಟಿಲಲ್ಲಿ ಪಾತ್ರೆ ತೊಳೆದುಕೊಂಡು ಬಾಗಿಲಿಗೆ ಬರುವಾಗ ಅಣ್ಣ ಮೊದಲ ತುತ್ತು ಬಾಯಿಗಿಟ್ಟಿದ್ದ. ಅಗಿಯುತ್ತಿದ್ದ ದವಡೆ ಒಂದು ಗಳಿಗೆ ನಿಂತಿತು.

"ಏನ್ ಮುದುಕಾ, ಹೆಂಗಿದೆ?" ಕೇಳುವಾಗ ಅತ್ತಿಗೆಯ ದನಿ ನಡುಗುತ್ತಿತ್ತು. ಅವಳ ಮೂಗು ಕಾಯಿಲೆಯಲ್ಲೇ ಸತ್ತಿತ್ತು, ವಾಸನೆ ತಿಳಿಯುತ್ತಿರಲಿಲ್ಲ.

ಅಣ್ಣ ತುತ್ತು ನುಂಗಿದ. "ನಿನ್ನ ಬಲಗೈ ಯಾವತ್ತೂ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ ಕಣೇ," ಎಂದು ತಟ್ಟೆ ಚಾಚಿದ. "ಇನ್ನಷ್ಟು ಹುಯ್ಯಿ."

ಅವಳು ಹುಯ್ದಳು. ಖುಷಿಗೆ ಅಳುತ್ತಲೇ ಹುಯ್ದಳು.

ತಟ್ಟೆ ಖಾಲಿಯಾಗುವಷ್ಟರಲ್ಲಿ ಅವನಿಗೆ ತಲೆ ಸುತ್ತು ಬಂತು. ವಾಂತಿಯಾಯಿತು, ಆಮೇಲೆ ಉಸಿರು ಸಿಕ್ಕಿಕೊಳ್ಳತೊಡಗಿತು. ಪಕ್ಕದ ಮನೆಯವರ ಮೋಟಾರು ದೋಣಿಯಲ್ಲಿ ಹಾಕಿಕೊಂಡು ಹೊರಟೆವು. ಆಸ್ಪತ್ರೆಯ ಕಟ್ಟೆ ಕಾಣುವ ಮೊದಲೇ ನನ್ನ ತೊಡೆಯ ಮೇಲೆ ಅವನ ತಲೆ ಭಾರವಾಯಿತು. ಅಲ್ಲಿದ್ದವರು ಎದೆ ನಿಂತಿರಬೇಕು ಎಂದರು. ವಾಪಸು ಬಂದು ಹಲಗೆ ನೋಡಿದೆ. ಎಡಗಡೆಯ ಬಾಟಲಿ ಅರ್ಧವಾಗಿತ್ತು. ಯಾರಿಗೂ ಹೇಳದೆ ಮೆಟ್ಟಿಲಿಳಿದು ಉಳಿದದ್ದನ್ನು ನದಿಗೆ ಸುರಿದೆ, ಬಾಟಲಿಯನ್ನೂ ಎಸೆದೆ. ಹೋದವನು ಹೋದ, ನಿಜ ತಿಳಿಯದೆ ಅತ್ತಿಗೆಯಾದರೂ ಉಳಿಯಲಿ ಅನ್ನಿಸಿತು. ಎದೆ ನಿಂತಿತಂತೆ ಎಂದು ಊರಿಗೆಲ್ಲ ನಾನೇ ಹೇಳಿಕೊಂಡು ಬಂದೆ.

ಮಣ್ಣು ಮಾಡಿ ಬಂದ ಮರುದಿನ ಅತ್ತಿಗೆಗೆ ಅನ್ನ ಬಡಿಸಿ ಕೊಟ್ಟೆ. ಅವಳು ಮುಟ್ಟಲಿಲ್ಲ.

"ಜುರೆಮಾ, ನಾನು ಎಡಗಡೆ ಬಾಟ್ಲಿ ತಗೊಂಡೆ. ಅವನು ಎಲ್ಲಾ ತಿರುಗಿಸಿದ್ನಲ್ಲ, ಅದನ್ನೂ ತಿರುಗಿಸಿದ್ನಾ?"

"ತಿರುಗಿಸಿದ್ದ ಅತ್ತಿಗೆ. ನಾನೇ ನೋಡ್ದೆ," ಎಂದೆ. ದನಿ ನಡುಗಲಿಲ್ಲ.

"ಹಾಗಾದ್ರೆ ಅದನ್ನೇ ತಂದುಕೊಡು. ಅನ್ನಕ್ಕೆ ಹಾಕ್ಕೋತೀನಿ."

ಬಚಾವಾದೆ ಎಂದುಕೊಂಡು ಹಲಗೆಯ ಮೇಲೆ ಉಳಿದಿದ್ದ ತುಕುಪಿ ತಂದುಕೊಟ್ಟೆ. ಅವಳು ಬಾಟಲಿಯನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ರಸ ಬಿರಡೆಯವರೆಗೂ ನಿಂತಿತ್ತು. ಅದರಿಂದ ಒಂದು ತೊಟ್ಟೂ ಯಾರೂ ಸುರಿದಿರಲಿಲ್ಲ.

"ತುಂಬಿದೆಯಲ್ಲೇ," ಎಂದಳು.

ಅವಳು ಬಾಟಲಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಕಹಿಯಾಗಿತ್ತು ಕಣೇ ಅವನಿಗೆ. ಮೊದಲ ತುತ್ತಿಗೇ ಗೊತ್ತಾಗಿತ್ತು. ನಾನು ಅಡುಗೆ ಕೆಡಿಸಿದೀನಿ ಅಂದ್ಕೊಂಡ, ನನ್ನ ಮನಸ್ಸು ನೋಯಬಾರದು ಅಂತ ನುಂಗಿದ. ಮೂವತ್ತು ವರ್ಷ ನನ್ನ ಕೈಲಿ ಉಂಡವನು, ಒಂದೇ ಒಂದು ಸಲ ಥೂ ಅಂತ ಉಗುಳಬಾರದಿತ್ತಾ ಜುರೆಮಾ?"