ಜೊತೆಗಾರರು ಆಟ ಬಿಟ್ಟಿದ್ದಾರೆ

ನನಗೆ ಸಿಟ್ಟು ಬಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಶಾಲಾ ವ್ಯಾನ್ ಓಡಿಸುವವಳು ನಾನು. ಗಂಟಲು ಗಟ್ಟಿಯಿಲ್ಲದಿದ್ದರೆ ಆ ಮಂಗಗಳನ್ನೆಲ್ಲ ಸೀಟಿನ ಮೇಲೆ ಕೂರಿಸಲು ಸಾಧ್ಯವೇ? ನನ್ನ ತಮ್ಮ ಇದಕ್ಕೆ ತದ್ವಿರುದ್ಧ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಅವನದು, ದಿನವಿಡೀ ತುಟಿ ಬಿಚ್ಚದೆ ಇರಬಲ್ಲ. ಮನಸ್ಸಿಗೆ ನೋವಾದರೆ ಮಾತಿನ ಮಧ್ಯೆಯೇ ಎದ್ದು ಹೊರಗೆ ಹೋಗುತ್ತಾನೆ. ಅವನ ಹೆಂಡತಿ ಅವನನ್ನು ಬಿಡುವಾಗ ನನ್ನೆದುರು ಹೇಳಿದ್ದೂ ಇದನ್ನೇ: "ಜಗಳ ಆಡೋಕಾದ್ರೂ ಮನುಷ್ಯ ಎದುರಿಗೆ ಇರಬೇಕಲ್ಲ ಅಕ್ಕ." ಅವಳ ಮೇಲೆ ನನಗೆ ಎಷ್ಟೇ ಉರಿಯಿದ್ದರೂ ಆ ಮಾತು ಸುಳ್ಳಾಗಿರಲಿಲ್ಲ.

ಅವಳು ಇನ್ನೊಂದು ಮದುವೆ ಮಾಡಿಕೊಂಡು ದೂರದ ಊರಿಗೆ ಹೋದಳು, ಮಗಳನ್ನೂ ಕರೆದುಕೊಂಡು. ಆ ಹುಡುಗಿಯನ್ನು ನಾವು ಕರೆಯುವುದು ಇಲಿಮರಿ ಎಂದು. ಸಿಕ್ಕಿದ್ದನ್ನೆಲ್ಲ ಕಡಿದು ನೋಡುತ್ತಿದ್ದ ಮಗು ಅದು, ಈಗ ಐದನೇ ಕ್ಲಾಸು. ನನ್ನ ತಮ್ಮನ ಪಾಲಿಗೆ ಉಳಿದದ್ದು ಭಾನುವಾರ ಮಧ್ಯಾಹ್ನದ ಒಂದು ಗಂಟೆ. ಮೊದಮೊದಲು ಫೋನ್ ಮಾಡುತ್ತಿದ್ದರು. "ಊಟ ಆಯ್ತಾ?" "ಆಯ್ತು." "ಸ್ಕೂಲು?" "ಹೂಂ." ಅಲ್ಲಿಗೆ ಅಪ್ಪ ಮಗಳ ಮಾತುಕತೆ ಮುಗಿಯಿತು. ಅವಳೂ ಅಪ್ಪನಂತೆಯೇ ಮಾತು ಕಮ್ಮಿ, ಕೈಯಲ್ಲೊಂದು ಆಟವೋ ಕೆಲಸವೋ ಇದ್ದರೆ ಮಾತ್ರ ಬಾಯಿ ಬಿಡುವಳು.

ಉಪಾಯ ಹುಡುಕಿದವಳೂ ಅವಳೇ. "ಅಪ್ಪ, ನೀನೂ ಒಂದು ಗೇಮ್ ಕನ್ಸೋಲ್ ತಗೋ. ಇಲ್ಲಿಂದ ನಾನು, ಅಲ್ಲಿಂದ ನೀನು, ಇಬ್ರೂ ಸೇರಿ ಆಡಬಹುದು." ಅವನು ಮಾರನೇ ದಿನವೇ ಯಾರೋ ಬಳಸಿ ಬಿಟ್ಟ ಹಳೆಯದೊಂದು ಕನ್ಸೋಲ್ ಹೊತ್ತು ತಂದ. ನಾನು, ಅಮ್ಮ, ಅವನು ಮೂವರೂ ಇರುವ ಮನೆಗೆ ವೈಫೈ ಹಾಕಿಸಿದ. ಖಾಲಿ ಪ್ಲಗ್ ಪಾಯಿಂಟ್ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ, ಹಾಗಾಗಿ ಮೈಕ್ರೋವೇವ್ ಓವನ್ನಿನ ಮೇಲಿನ ಹಲಗೆಯ ಮೇಲೆ ರೌಟರ್ ಕೂತಿತು. ಟಿವಿ, ಕನ್ಸೋಲ್ ಎರಡೂ ಅವನ ಕೋಣೆಯಲ್ಲಿ, ಗೋಡೆಯ ಈಚೆಗೆ.

ಆಟ ನನಗೂ ಇಷ್ಟವಾಯಿತು. ಇಬ್ಬರು ಹಮಾಲಿಗಳು, ಕನ್ನಡಿ ಬಾಗಿಲಿನ ದೊಡ್ಡ ಬೀರು, ಅದನ್ನು ಬೆಟ್ಟದ ತುದಿಯ ಮನೆಯಿಂದ ಕೆಳಗಿನ ಊರಿಗೆ ಇಳಿಸಬೇಕು. ಒಂದು ತುದಿ ಅಪ್ಪನದು, ಇನ್ನೊಂದು ತುದಿ ಮಗಳದು. ಒಬ್ಬರು ಕೈ ಬಿಟ್ಟರೂ ಬೀರು ಉರುಳಿ ಚೂರುಚೂರು. ಬಾಯಿ ಬಿಡದೆ ಆಡಲು ಬರುವುದೇ ಇಲ್ಲ. ಇಬ್ಬರೂ ಮೈಕ್ ಸಿಕ್ಕಿಸಿಕೊಂಡು, ದನಿ ಟಿವಿಯಿಂದ ಬರುವಂತೆ ಇಟ್ಟುಕೊಂಡು ಶುರು ಮಾಡಿದರೆಂದರೆ, "ಎಡಕ್ಕೆ, ಎಡಕ್ಕೆ," "ನಿಧಾನ ಮರಿ, ಕಲ್ಲಿದೆ," "ಅಪ್ಪ, ನಿಂಗೆ ಎಡ ಯಾವ್ದು ಗೊತ್ತಾ?" ಕೂದಲೆಳೆಯಷ್ಟು ಓರೆಯಾದ ಗಾಜನ್ನೂ ಸರಿಮಾಡುವ ಅವನ ಬೆರಳು ಆ ಗುಂಡಿಗಳ ಮೇಲೆ ಮಾತ್ರ ತಡಕಾಡುತ್ತಿತ್ತು. ಅವಳು ನಗುತ್ತಿದ್ದಳು, ಅವನೂ ನಗುತ್ತಿದ್ದ. ಅವನು ಸದ್ದು ಮಾಡಿ ನಕ್ಕಿದ್ದನ್ನು ನಾನು ಕೇಳಿ ಯಾವ ಕಾಲವಾಗಿತ್ತೋ.

ಆ ನಗು ಕೇಳಿ ನಮ್ಮಮ್ಮನಿಗೆ ಜೀವ ಬಂದಂತಾಯಿತು. ಹೆಂಡತಿ ಹೋದ ಮೇಲೆ ತಮ್ಮ ಊಟ ಮಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಏಳುವನು. ಮಗಳೊಂದಿಗೆ ಖುಷಿಯಲ್ಲಿರುವಾಗಲಾದರೂ ನಾಲ್ಕು ತುತ್ತು ಜಾಸ್ತಿ ಹೋಗಲಿ ಎಂಬುದು ಅಮ್ಮನ ಲೆಕ್ಕಾಚಾರ. ಕೋಣೆಯಿಂದ ನಗು ಕೇಳಿತೋ, ಅಮ್ಮ ಊಟದ ಪಿಂಗಾಣಿ ತಟ್ಟೆಯನ್ನು ಓವನ್ನಿಗೆ ತಳ್ಳುವಳು. ಬಿಸಿಯಾದ ಮೇಲೆ ಸೆರಗಿನಲ್ಲಿ ಹಿಡಿದು ತಂದು ಅವನ ಪಕ್ಕದಲ್ಲಿಟ್ಟು, ಸದ್ದಿಲ್ಲದೆ ಹೋಗುವಳು.

ಒಂದು ಭಾನುವಾರ ಹೀಗೇ ನಗುತ್ತಿದ್ದವನು ತಟ್ಟನೆ ಸುಮ್ಮನಾದ. ಹೋಗಿ ನೋಡಿದರೆ ಟಿವಿ ಪರದೆಯ ಮೇಲೆ ಬೀರು ಒಡೆದು ಬಿದ್ದಿತ್ತು. ಕೆಳಗೆ ಒಂದು ಸಾಲು: ನಿಮ್ಮ ಜೊತೆಗಾರರು ಆಟ ಬಿಟ್ಟಿದ್ದಾರೆ.

"ಅವಳಮ್ಮ ಕರೆದಿರಬೇಕು," ಎಂದ. ಊಟ ಮುಟ್ಟದೆ ಕೂತ. ತಟ್ಟೆ ಆರಿತು. ಅಮ್ಮ ಬಂದು ತಟ್ಟೆ ಒಯ್ದು ಮತ್ತೆ ಬಿಸಿಗಿಟ್ಟಳು. ಅಷ್ಟರಲ್ಲಿ ಇಲಿಮರಿ ಮತ್ತೆ ಬಂದಿದ್ದಳು, ಬೀರು ಮತ್ತೆ ಎತ್ತಿದ್ದರು, ಮತ್ತೆ ಅದೇ ಸಾಲು ಬಂತು. ಆಮೇಲೆ ಅವಳು ಬರಲಿಲ್ಲ.

ಮುಂದಿನ ಭಾನುವಾರವೂ ಅದೇ ಕಥೆ, ಅದರ ಮುಂದಿನದೂ. ಒಂದು ಗಂಟೆ ಇದ್ದದ್ದು ಅರ್ಧವಾಯಿತು, ಅರ್ಧ ಕಾಲಾಯಿತು. ಮಾತೂ ಕಡಿಮೆಯಾಯಿತು. ಮಗಳಿಗೆ ತನ್ನ ಜೊತೆ ಆಡುವುದು ಸಾಕಾಗಿದೆ ಎಂದು ಅವನು ತೀರ್ಮಾನಿಸಿಬಿಟ್ಟ. ಅಂಗಡಿಯಿಂದ ಬಂದವನೇ ಒಬ್ಬನೇ ಕೂತು ಅಭ್ಯಾಸ ಮಾಡತೊಡಗಿದ. ನಾಲಗೆ ಕಚ್ಚಿಕೊಂಡು ಪರದೆಯನ್ನೇ ನೋಡುತ್ತಿದ್ದ.

"ಫೋನ್ ಮಾಡಿ ಕೇಳೋ," ಎಂದೆ. "ಬಾಯಲ್ಲಿ ಏನು ಕಡುಬು ಇಟ್ಕೊಂಡಿದೀಯಾ?"

"ಬೇಡ ಅಕ್ಕ. ಕೇಳಿದ್ರೆ ಪಾಪ, ಇಲ್ಲ ಅನ್ನೋಕಾಗದೆ ಬರ್ತಾಳೆ. ಬಲವಂತ ಯಾಕೆ?"

ಅವನಿಗೆ ಬೇಡವಾದರೆ ಬೇಡ, ನನಗೆ ಬೇಕಿತ್ತು. ಮಕ್ಕಳನ್ನೆಲ್ಲ ಇಳಿಸಿ, ವ್ಯಾನನ್ನು ಮರದ ಕೆಳಗೆ ನಿಲ್ಲಿಸಿ, ಅವಳಮ್ಮನಿಗೆ ಫೋನ್ ಮಾಡಿ ಹುಡುಗಿಗೆ ಕೊಡು ಎಂದೆ. ಬೈಯಬೇಕೆಂದೇ ಇದ್ದೆ.

"ಏನೇ ಇಲಿಮರಿ, ಅಪ್ಪನ್ನ ಅರ್ಧದಲ್ಲೇ ಬಿಟ್ಟು ಹೋಗ್ತೀಯಂತೆ?"

"ನಾನಲ್ಲ ಅತ್ತೆ," ಎಂದಳು. "ಅಪ್ಪನೇ ಹೋಗೋದು. ಟಿವಿ ಮೇಲೆ ಬರತ್ತೆ, ಜೊತೆಗಾರರು ಆಟ ಬಿಟ್ಟಿದ್ದಾರೆ ಅಂತ. ಅಮ್ಮ ಹೇಳಿದ್ರು, ಅಪ್ಪ ಮೊದ್ಲಿಂದಾನೂ ಹಾಗೇ, ಬೇಜಾರಾದ್ರೆ ಎದ್ದು ಹೋಗ್ತಾರೆ ಅಂತ."

"ಅಲ್ಲ ಕಣೆ, ಇಲ್ಲಿ ನೀನು ಬಿಟ್ಟೆ ಅಂತ ಬರತ್ತೆ. ನೆಟ್ ಕಟ್ ಆಗಿರಬೇಕು, ನಿನ್ನಾಣೆ."

"ಒಂದು ಸಲ ಆದ್ರೆ ಹಾಗೆ ಅನ್ಕೋಬಹುದು ಅತ್ತೆ. ನಾನು ವಾಪಸ್ ಬರ್ತಿದ್ದೆ. ಬಂದ ತಕ್ಷಣ ಮತ್ತೆ ಹೋಗಿಬಿಡ್ತಿದ್ರು. ನಾನು ಏನು ತಪ್ಪು ಮಾಡಿದೆ ಅಂತ ಎಷ್ಟು ಯೋಚ್ನೆ ಮಾಡಿದೀನಿ ಗೊತ್ತಾ?"

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅವನ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅವನ ಮುಖ ನೋಡಲಾಗಲಿಲ್ಲ. "ನಾನು ಎದ್ದು ಹೋದೆ ಅಂದ್ಕೊಂಡ್ಲಾ?" ಎಂದು ಕೇಳಿದ, ಮತ್ತೆ ಅದನ್ನೇ ಕೇಳಿದ. "ಆಟ ಹಾಕು, ಎಲ್ಲಿ ಕಟ್ ಆಗತ್ತೆ ನೋಡೇಬಿಡೋಣ," ಎಂದೆ. ಆನ್‌ಲೈನಿನಲ್ಲಿ ಸಿಕ್ಕ ಯಾರೋ ಗುರುತಿಲ್ಲದವನನ್ನು ಜೊತೆಗೆ ಸೇರಿಸಿಕೊಂಡು ಆಡತೊಡಗಿದ. ಬೀರು ಹಳ್ಳ ದಾಟಿತು, ಸೇತುವೆ ದಾಟಿತು, ಏನೂ ಆಗಲಿಲ್ಲ. ಅವನು ಇಷ್ಟು ದೂರ ಬಂದದ್ದೇ ಇರಲಿಲ್ಲ. ಆ ಗಾಬರಿಯಲ್ಲೂ ನಾವಿಬ್ಬರೂ ನಕ್ಕೆವು.

ಗೋಡೆಯಾಚೆ ಓವನ್ನಿನ ಬಾಗಿಲು ಮುಚ್ಚಿದ ಸದ್ದಾಯಿತು, ಅದು ಗುಂಯ್ ಎನ್ನತೊಡಗಿತು. ಪರದೆಯ ಮೇಲಿನ ಹಮಾಲಿ ಕಾಲೆತ್ತಿ ಹಾಗೇ ನಿಂತ. ಬೀರು ಉರುಳಿತು. ಜೊತೆಗಾರರು ಆಟ ಬಿಟ್ಟಿದ್ದಾರೆ.

ಇಬ್ಬರೂ ಅಡುಗೆಮನೆಯ ಕಡೆ ತಿರುಗಿದೆವು. ಓವನ್ ಒಳಗಿಂದ ಸೋರುವ ಅಲೆಯೂ ವೈಫೈ ಅಲೆಯೂ ಒಂದೇ ಜಾತಿಯವು, ಒಂದು ಇನ್ನೊಂದನ್ನು ತುಳಿದು ಹಾಕುತ್ತದೆ ಎಂದು ಆಮೇಲೆ ತಿಳಿದುಕೊಂಡೆವು. ಆ ಗಳಿಗೆಯಲ್ಲಿ ಅದೆಲ್ಲ ಬೇಕಾಗಿರಲಿಲ್ಲ. ಅಮ್ಮ ಸೆರಗಿನಲ್ಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, "ನಗ್ತಾ ಇದ್ಯಲ್ಲ ಕಂದ, ಅದಕ್ಕೇ ಬಿಸಿ ಮಾಡಿದೆ," ಎನ್ನುತ್ತ.

ನಾನು ಬಾಯಿ ತೆರೆದೆ. ತಮ್ಮ ನನ್ನ ಕೈ ಒತ್ತಿ ಹಿಡಿದ. ತಟ್ಟೆ ತೆಗೆದುಕೊಂಡು ಒಂದು ಅಗುಳೂ ಬಿಡದೆ ಊಟ ಮಾಡಿದ. ಅಮ್ಮ ಖಾಲಿ ತಟ್ಟೆ ನೋಡುತ್ತ ಹೋದ ಮೇಲೆ ಹೇಳಿದ, "ಅಮ್ಮಂಗೆ ಗೊತ್ತಾಗೋದು ಬೇಡ ಅಕ್ಕ. ಸತ್ತೇ ಹೋಗ್ತಾಳೆ."

ಮರುದಿನವೇ ಉದ್ದದ ಕೇಬಲ್ ತಂದ. ರೌಟರಿನಿಂದ ಬಾಗಿಲ ಮೂಲೆ ಬಳಸಿ ಕನ್ಸೋಲಿನವರೆಗೆ ಎಳೆದು, ಅಮ್ಮನ ಕಾಲಿಗೆ ಸಿಕ್ಕದಂತೆ ಮೊಳೆ ಹೊಡೆದು ಕೂರಿಸಿದ. ಅಮ್ಮ ಕೇಳಿದ್ದಕ್ಕೆ ವೈಫೈ ಕಂಪನಿಯವರು ಹೇಳಿದ್ದಾರೆ ಎಂದ. ಓವನ್ ಹಾಕಿ ಮತ್ತೆ ಮತ್ತೆ ಪರೀಕ್ಷೆ ಮಾಡಿದೆವು, ಏನೂ ಆಗಲಿಲ್ಲ. ಆ ವಾರವೆಲ್ಲ ಅವನ ನಡಿಗೆಯೇ ಬೇರೆ.

ಭಾನುವಾರ ಮಧ್ಯಾಹ್ನ ಬೇಗನೆ ಕೂತ. ಪರದೆಯ ಮೇಲೆ ಇಲಿಮರಿಯ ಹೆಸರಿನ ಪಕ್ಕದ ದೀಪ ಹಸಿರಾಗಲಿಲ್ಲ, ಅವಳಿನ್ನೂ ಆನ್‌ಲೈನ್ ಬಂದಿರಲಿಲ್ಲ. ಕಾದ. ಕೊನೆಗೆ ನಾನೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಅವನ ಮುಂದಿಟ್ಟೆ. ಈ ಸಲ ಅವನು ಮಾತಾಡಿದ, ನಾನೆಂದೂ ಕೇಳಿರದಷ್ಟು ಮಾತಾಡಿದ.

"ನಾನು ಒಂದ್ಸಲಾನೂ ಬಿಟ್ಟು ಹೋಗಿಲ್ಲ ಮರಿ. ಇಲ್ಲೇ ಕೂತಿರ್ತಿದ್ದೆ. ನೀನು ಹೋದೆ ಅಂದ್ಕೊಂಡು ಕಾಯ್ತಾ ಇರ್ತಿದ್ದೆ. ವೈಫೈದು ತೊಂದರೆ ಅದು. ಈಗ ಕೇಬಲ್ ಎಳೆದಿದೀನಿ, ಇನ್ನು ಕಟ್ ಆಗೋದೇ ಇಲ್ಲ. ಬರ್ತೀಯಾ?"

"ಅತ್ತೆ ಹೇಳಿದ್ರಲ್ಲ, ನಂಗೆ ಗೊತ್ತಾಯ್ತು ಅಪ್ಪ," ಎಂದಳು. ಅವಳ ಹಿಂದೆ ಆ ಆಟದ ಸಂಗೀತವೇ ಕೇಳುತ್ತಿತ್ತು. "ಆದ್ರೆ ನಾವು ಆಗ್ಲೇ ಶುರು ಮಾಡಿಬಿಟ್ಟಿದೀವಿ. ನಾನು, ಅಂಕಲ್. ಪಕ್ಕದಲ್ಲೇ ಕೂತ್ಕೊಂಡು ಆಡ್ತೀವಲ್ಲ, ನೆಟ್ಟೇ ಬೇಕಾಗಲ್ಲ."

ಅಂಕಲ್ ಎಂದರೆ ಅವಳಮ್ಮನ ಈಗಿನ ಗಂಡ. ತಮ್ಮ ಕೈಯಲ್ಲಿದ್ದ ಕಂಟ್ರೋಲರನ್ನು ಮೆಲ್ಲಗೆ ಮಂಚದ ಮೇಲಿಟ್ಟ.

"ಬೀರು ಕೆಳಗೆ ಹೋಯ್ತಾ ಮರಿ?"

"ನಿನ್ನೆ ಹೋಯ್ತು ಅಪ್ಪ. ಕನ್ನಡಿ ಒಂಚೂರೂ ಒಡೀಲಿಲ್ಲ. ಈಗ ಪಿಯಾನೋ ಇಳಿಸ್ತಾ ಇದೀವಿ."

"ಭೇಷ್."

"ನಿಂಗೆ ಬೇಜಾರಾಯ್ತಾ?"

"ಇಲ್ಲ ಮರಿ. ಯಾಕೆ ಬೇಜಾರು?"

"ನಂಗೆ ತುಂಬಾ ಆಗಿತ್ತು," ಎಂದಳು, ಸಮಾಧಾನ ಹೇಳುವ ದನಿಯಲ್ಲಿ. "ಈಗಿಲ್ಲ. ಈಗ ಸರಿಹೋಯ್ತು. ನಾನು ಇಡ್ತೀನಿ ಅಪ್ಪ, ಅಂಕಲ್ ಒಬ್ರೇ ಹಿಡ್ಕೊಂಡು ನಿಂತಿದಾರೆ."

"ಹೋಗು ಮರಿ, ಹೋಗು. ಪಾಪ, ಅವರನ್ನ ಕಾಯಿಸಬೇಡ."

ಫೋನ್ ಕಟ್ಟಾಯಿತು. ಅವನು ಎದ್ದು ಹೊರಗೆ ಹೋಗುತ್ತಾನೆಂದು ನಾನು ಬಾಗಿಲು ಬಿಟ್ಟು ಸರಿದು ನಿಂತೆ. ಅವನು ಏಳಲಿಲ್ಲ, ಕೂತಲ್ಲೇ ಅತ್ತ. ನನಗೆ ಮೈಯೆಲ್ಲ ಸಿಟ್ಟು. ಯಾರನ್ನಾದರೂ ಹಿಡಿದು ಬೈದುಬಿಡಬೇಕು ಎಂದು ಒಬ್ಬೊಬ್ಬರನ್ನೇ ನೆನೆಸಿಕೊಂಡೆ, ಅವಳಮ್ಮನನ್ನು, ಆ ಅಂಕಲ್‌ನನ್ನು, ನಮ್ಮಮ್ಮನನ್ನು, ಮಗುವನ್ನು. ಬೈಯುವಂಥವರು ಒಬ್ಬರೂ ಸಿಗಲಿಲ್ಲ.